ಹಣೆಗೆ ತಾಗದ ಕೈ

ನಮ್ಮ ಮನೆಗೆ ಗ್ಯಾಸ್ ಒಲೆ ಬಂದು ಹನ್ನೊಂದು ವರ್ಷವಾಗಿದೆ. ಆದರೂ ಜನವರಿಯ ಎರಡನೇ ಭಾನುವಾರ ಬೆಳಿಗ್ಗೆ ಮೂರು ಚಕ್ರದ ಗಾಡಿಯೊಂದು ಅಂಗಳಕ್ಕೆ ಬಂದು ಹುಣಸೆಮರದ ತುಂಡುಗಳನ್ನು ದಡದಡ ಸುರಿದು ಹೋಯಿತು. ನಾನು ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಹೊರಗೆ ಬಂದೆ. ನನ್ನ ಅತ್ತೆ ಪುರಿಂಗ್ ಸೊಂಟಕ್ಕೆ ಕೈ ಕೊಟ್ಟುಕೊಂಡು ತುಂಡುಗಳನ್ನು ಎಣಿಸುತ್ತಿದ್ದರು.

"ಇದು ಯಾವ ಸಂಪತ್ತಿಗೆ ಅಮ್ಮಾ?"

"ಮದುವೆ ಆಗ್ತೀನಿ ಅಂತಿದಾನಲ್ಲ, ಅವನಿಗೆ."

"ಸೌದೆ ತಗೊಂಡು ಅವನೇನ್ ಮಾಡ್ತಾನೆ?"

"ಒಡೀತಾನೆ. ನಿನ್ನ ಮಾವ ನಮ್ಮಪ್ಪನ ಮನೇಲಿ ಎರಡು ವರ್ಷ ಒಡೆದ. ಇವನೇನು ಸಂತನ ಮಗನಾ?"

ಹೆಣ್ಣು ಕೇಳಲು ಬಂದವನು ಆ ಮನೆಯ ಚಾಕರಿ ಮಾಡಿ ತಾನು ಯೋಗ್ಯ ಅಂತ ತೋರಿಸಬೇಕು, ಅದು ಹಳೆಯ ಪದ್ಧತಿ. ಈಗ ಯಾರೂ ಮಾಡುವುದಿಲ್ಲ. ನನ್ನ ಗಂಡ ನೆಸ್ತೊರ್ ನಮ್ಮಪ್ಪನ ಮನೆಯಲ್ಲಿ ಮಾಡಿದ್ದು ಒಂದೇ ಕೆಲಸ, ಬಂದಾಗಲೆಲ್ಲ ಮೂರು ತಟ್ಟೆ ಅನ್ನ ಖಾಲಿ ಮಾಡಿದ್ದು.

ಹೆಣ್ಣು ಯಾರೆಂದರೆ ನೆಸ್ತೊರನ ಅಕ್ಕ ಲಿಗಾಯ. ನಲವತ್ತೊಂದು ವಯಸ್ಸು. ಮುಂದಿನ ಕೋಣೆಯ ಕಿಟಕಿ ಪಕ್ಕದ ಹೊಲಿಗೆ ಮಿಷನ್ನಿನ ಮುಂದೆ ಇಪ್ಪತ್ತು ವರ್ಷ ಕೂತವಳು. ಊರಿನ ಅರ್ಧ ಮಕ್ಕಳ ಶಾಲೆಯ ಬಟ್ಟೆ ಅವಳ ಕೈಯದೇ. ಮಾವ ತೀರಿಹೋದ ಮೇಲೆ ನೆಸ್ತೊರನಿಗೆ ವೆಲ್ಡಿಂಗ್ ಕಲಿಸಿದ್ದು, ಈ ಮನೆಗೆ ತಗಡು ಹೊದಿಸಿದ್ದು, ಕೊನೆಗೆ ನಮ್ಮ ಮದುವೆ ಊಟದ ಹಂದಿಗೆ ದುಡ್ಡು ಹೊಂದಿಸಿದ್ದು ಕೂಡ ಆ ಮಿಷನ್ನೇ. ನೆಸ್ತೊರ್ ಇವತ್ತಿಗೂ ಅಕ್ಕನ ಎದುರು ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. ಅಂಥ ಋಣ ನಮ್ಮಲ್ಲಿ ತೀರಿಸುವಂಥದ್ದಲ್ಲ, ಹೊತ್ತುಕೊಂಡು ತಿರುಗುವಂಥದ್ದು.

ಗಂಡು ಅಂಬೊ, ಪೇಟೆ ಬೀದಿಯ ಬೇಕರಿಯವನು. ನಲವತ್ತಾರು. ಹೆಂಡತಿ ತೀರಿಹೋಗಿ ಆರು ವರ್ಷ, ಮಕ್ಕಳಿಲ್ಲ. ಹೋದ ವರ್ಷ ಅಕ್ಕನ ಹತ್ತಿರ ಆರು ಏಪ್ರನ್ ಹೊಲಿಸಿಕೊಂಡ. ತಿಂಗಳಾಗಲಿಲ್ಲ, ಮತ್ತೆ ಆರು. ಆಮೇಲೆ ಇನ್ನಾರು. ಒಂದು ಬೇಕರಿಗೆ ಎಷ್ಟು ಏಪ್ರನ್ ಬೇಕು? ಹದಿನೆಂಟನೆಯದು ಬರುವ ಹೊತ್ತಿಗೆ ಇಡೀ ಓಣಿಗೆ ವಿಷಯ ಗೊತ್ತಾಗಿತ್ತು.

ಆ ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಅಂಬೊ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಿಸಿ ಬನ್ನಿನ ಕಾಗದದ ಚೀಲ. ಬಂದವನೇ ಅತ್ತೆಯ ಮುಂದೆ ಬಾಗಿ, "ಕೈ ಕೊಡಿ ಅಮ್ಮಾ" ಅಂದ. ಹಿರಿಯರ ಕೈ ತೆಗೆದುಕೊಂಡು ಹಣೆಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಉಸಿರಾಡಿದಷ್ಟು ಸಹಜ. ಪಕ್ಕದ ಮನೆಯವರ ಕೋಳಿ ಕದ್ದವನಿಗೂ ಯಾರೂ ಕೈ ಇಲ್ಲ ಅನ್ನುವುದಿಲ್ಲ.

ಅತ್ತೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. "ಕೈ ಒದ್ದೆಯಾಗಿದೆ ಕಣಪ್ಪಾ."

"ಪರವಾಗಿಲ್ಲ ಅಮ್ಮಾ."

"ನನಗೆ ಪರವಾಗಿದೆ. ಕೊಡಲಿ ಅಲ್ಲಿದೆ."

ಅಂಬೊ ಅಂಗಿ ತೆಗೆದು ಪೇರಲೆ ಕೊಂಬೆಗೆ ನೇತುಹಾಕಿದ. ಹಿಟ್ಟು ನಾದುವ ಕೈ, ಎರಡು ಏಟಿಗೆ ಬೊಬ್ಬೆ ಬರುತ್ತದೆ ಅಂತ ಅತ್ತೆ ಲೆಕ್ಕ ಹಾಕಿದ್ದರೋ ಏನೋ. ಅವನ ಬೇಕರಿಯ ಇಟ್ಟಿಗೆ ಒಲೆ ಸೌದೆಯದು ಅನ್ನುವುದನ್ನು ಮರೆತಿದ್ದರು. ಮಧ್ಯಾಹ್ನದೊಳಗೆ ಅಷ್ಟೂ ತುಂಡು ಸೀಳಿ, ಗೋಡೆಯುದ್ದಕ್ಕೂ ಜೋಡಿಸಿ, ಅಂಗಳ ಗುಡಿಸಿ, ಅಂಗಿ ಹಾಕಿಕೊಂಡ.

"ಇನ್ನೇನಾದ್ರೂ ಇದೆಯಾ ಅಮ್ಮಾ?"

"ಮುಂದಿನ ವಾರ ನೋಡೋಣ," ಅಂದರು ಅತ್ತೆ, ಸೌದೆ ರಾಶಿಯನ್ನೇ ನೋಡುತ್ತ.

ಮುಂದಿನ ವಾರ ನೀರು. ಮನೆಯೊಳಗೆ ನಲ್ಲಿ ಇದೆ, ಆದರೂ ಓಣಿ ಕೊನೆಯ ಹಳೆ ಕೈಪಂಪಿನಿಂದ ಹನ್ನೆರಡು ಬಕೆಟ್ ತರಬೇಕು ಅಂತ ಆಜ್ಞೆ. ಓಣಿಯ ಹೆಂಗಸರು ಬಟ್ಟೆ ಒಗೆಯುವ ನೆವದಲ್ಲಿ ಸಾಲಾಗಿ ಕೂತುಬಿಟ್ಟರು. "ಅಂಬೊ, ನಮ್ಮನೇಲೂ ಒಬ್ಬಳು ಮಗಳಿದಾಳೆ, ಎರಡು ಬಕೆಟ್ ಹಾಕಿ ಹೋಗಪ್ಪಾ!" ಅಂತ ಒಬ್ಬಳು ಕೂಗಿದಳು. "ಏಪ್ರನ್ ಹೊಲಿಯೋಕೆ ಬರುತ್ತಾ ಅವಳಿಗೆ?" ಅಂತ ಇವನು ಕೇಳಿದ. ಮಿಷನ್ ಮುಂದೆ ಕೂತಿದ್ದ ಅಕ್ಕ ಕೇಳಿಸದವಳ ಹಾಗೆ ಹೊಲಿಯುತ್ತಿದ್ದಳು, ಆದರೆ ಕಿವಿ ಕೆಂಪಾಗಿತ್ತು.

ಅವತ್ತು ಅತ್ತೆಯ ಕೈ ಮೀನು ನಾರುತ್ತದಂತೆ. ಮೂರನೇ ವಾರ ಹಂದಿ ಗೂಡಿನ ಸೂರು ರಿಪೇರಿ, ಅವತ್ತು ಮಂಡಿಗೆ ತೈಲ ಹಚ್ಚಿದ ಕೈಯಂತೆ. ನನ್ನ ಒಂಬತ್ತು ವರ್ಷದ ಮಗಳು ಟೆಸ್ ಅಲ್ಲೇ ನಿಂತು, "ಅಜ್ಜಿ ಕೈಯಲ್ಲಿ ಏನೂ ಇಲ್ಲ, ನಾನು ಮೂಸಿ ನೋಡ್ದೆ," ಅಂದುಬಿಟ್ಟಳು. ನಾನು ಅವಳ ಬಾಯಿಗೆ ಬನ್ನು ತುರುಕಿದೆ.

ಅಂಬೊ ನಗುತ್ತಲೇ ಹೋದ. ಆದರೆ ಗೇಟಿನ ಹತ್ತಿರ ಅಕ್ಕನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಸೌದೆ ಒಡೀಬಹುದು ಲಿಗಾಯ. ಕೈಯೇ ಕೊಡಲ್ಲ ಅಂದ್ರೆ ಏನ್ ಮಾಡ್ಲಿ? ಇನ್ನು ಯಾವ ಮುಖ ಇಟ್ಕೊಂಡು ನಮ್ಮ ದೊಡ್ಡಮ್ಮನ್ನ ಮಾತುಕತೆಗೆ ಕರ್ಕೊಂಡು ಬರ್ಲಿ?"

ಗಂಡಿನ ಕಡೆಯ ಹಿರಿಯರು ಅಡುಗೆ ಹೊತ್ತುಕೊಂಡು ಬಂದು, ಹೆಣ್ಣಿನ ಮನೆಯಲ್ಲಿ ಕೂತು ಉಂಡು, ಕೇಳಬೇಕು. ಆಮೇಲೆ ಪಾದ್ರಿಗಳು ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದಬೇಕು. ಮಾರ್ಚ್ ಮೊದಲ ವಾರಕ್ಕೆ ಈಸ್ಟರ್ ಮುಂಚಿನ ನಲವತ್ತು ದಿನದ ವ್ರತ ಶುರು, ಆಮೇಲೆ ಮದುವೆ ಇಲ್ಲ. ಬೆರಳು ಮಡಚಿದರೆ ಮಾತುಕತೆಗೆ ಉಳಿದದ್ದು ಮೂರೇ ವಾರ.

ಆ ಸಂಜೆಯಿಂದ ಅಮ್ಮ, ಮಗಳು ಇಬ್ಬರ ನಡುವೆ ಮಾತು ನಿಂತಿತು. ನಮ್ಮಲ್ಲಿ ಇಬ್ಬರು ಮಾತು ಬಿಟ್ಟರೆ ನಡುವೆ ಒಬ್ಬರು ಸೇತುವೆಯಾಗಲೇಬೇಕು. ಮನೆಯಲ್ಲಿ ಆ ಪಟ್ಟ ಸೊಸೆಗಲ್ಲದೆ ಇನ್ಯಾರಿಗೆ? ಅಡುಗೆಮನೆಯಿಂದ ಮುಂದಿನ ಕೋಣೆಗೆ ಹನ್ನೊಂದು ಹೆಜ್ಜೆ. ನನ್ನ ಚಪ್ಪಲಿ ಸವೆಯುವುದೊಂದೇ ಬಾಕಿ.

"ಹೇಳು ಅವಳಿಗೆ," ಅನ್ನುವರು ಅತ್ತೆ, "ಸೌದೆ ಒಡೆದೋನಿಗೆಲ್ಲ ಮಗಳನ್ನ ಕೊಡ್ತಾ ಹೋದ್ರೆ ಊರಲ್ಲಿ ಮರವೇ ಉಳಿಯಲ್ಲ ಅಂತ."

ನಾನು ಹನ್ನೊಂದು ಹೆಜ್ಜೆ ನಡೆದು, "ಅಮ್ಮ ಇನ್ನೂ ಯೋಚನೆ ಮಾಡ್ತಿದಾರಂತೆ ಅಕ್ಕಾ," ಅನ್ನುವೆ.

ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು, "ಅಮ್ಮನಿಗೆ ಹೇಳು ಮಿಲಾ. ಅವರು ಕೈ ಕೊಡದೆ ನಾನು ಚರ್ಚಿನ ಮೆಟ್ಟಿಲು ಹತ್ತೋದಿಲ್ಲ. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಬೇಡವೇ ಬೇಡ. ಇಪ್ಪತ್ತಾರನೇ ವಯಸ್ಸಲ್ಲಿ ಒಂದು ಸಲ ಕಾದಿದ್ದೆ. ಬರ್ತೀನಿ ಅಂದೋನು ಬರ್ಲಿಲ್ಲ. ಕಾಯೋ ವಯಸ್ಸು ಮುಗೀತು ನನಗೆ."

ನಾನು ಮತ್ತೆ ಹನ್ನೊಂದು ಹೆಜ್ಜೆ ನಡೆದು ಅತ್ತೆಗೆ ಹೇಳಿದ್ದು, "ಅಕ್ಕನಿಗೇನೂ ಅಂಥ ಅವಸರ ಇಲ್ವಂತೆ ಅಮ್ಮಾ."

ಮಾತಿನ ಮೊನೆ ಮುರಿದು ತಲುಪಿಸುವುದು ಸೇತುವೆಯ ಧರ್ಮ ಅಂತ ನಮಗೆ ಕಲಿಸಿದ್ದಾರೆ. ಆದರೆ ನಿಜ ಹೇಳಿಬಿಡುತ್ತೇನೆ, ಆ ಸುಳ್ಳು ನನಗೂ ಅನುಕೂಲವಾಗಿತ್ತು. ಅಕ್ಕ ಹೋದರೆ ಬೆಳಗಿನ ಕಾಫಿ, ಅತ್ತೆಯ ತಲೆಸ್ನಾನ, ಮಂಡಿಗೆ ತೈಲ, ಅವರ ಗೊಣಗಾಟ ಎಲ್ಲ ನನ್ನ ತಲೆಗೇ. ಮೊದಲ ಎರಡು ವಾರ ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಾಗ ನನ್ನ ಹೊಟ್ಟೆಯೊಳಗೆ ಸಣ್ಣಗೆ ತಂಪಾಗಿತ್ತು. ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಆಗಿದ್ದೇ.

ನಾಲ್ಕನೇ ಭಾನುವಾರ ಅತ್ತೆ ನೆವವನ್ನೂ ಹೇಳಲಿಲ್ಲ. ಶಾಲಿನೊಳಗೆ ಕೈ ಮುಚ್ಚಿಕೊಂಡು ಕೂತರು. ಅಂಬೊ ಬಾಗಿದವನು ಬಾಗಿಯೇ ನಿಂತು, ಕೊನೆಗೆ ತಾನೇ ಎದ್ದು ಕೊಡಲಿ ಹುಡುಕಿಕೊಂಡು ಹೋದ. ಆ ವಾರದಿಂದ ಅತ್ತೆ ನಮ್ಮ ಜೊತೆ ಊಟಕ್ಕೂ ಬರಲಿಲ್ಲ. ಸಾರೂ ಬೇಡವೆಂದು ಅನ್ನಕ್ಕೆ ಕಪ್ಪು ಕಾಫಿ ಸುರಿದುಕೊಂಡು, ಹಿತ್ತಲ ಕಡೆ ಮುಖ ಮಾಡಿ, ನಾಲ್ಕು ತುತ್ತು ತಿಂದು ಏಳುತ್ತಿದ್ದರು.

"ಮುನಿಸು," ಅಂದ ನೆಸ್ತೊರ್. "ರಮಿಸಿದ್ರೆ ಇಳಿಯುತ್ತೆ."

ನಮ್ಮಲ್ಲಿ ಮುನಿದವರು ಬಾಯಿ ಬಿಟ್ಟು ಬೈಯುವುದಿಲ್ಲ, ಸುಮ್ಮನಾಗುತ್ತಾರೆ. ಬಾಕಿಯವರು ಸುತ್ತ ತಿರುಗಿ, ಇಷ್ಟದ್ದು ಮಾಡಿ ಬಡಿಸಿ, ತಮಾಷೆ ಮಾಡಿ ಒಲಿಸಿಕೊಳ್ಳಬೇಕು. ಹಾಗೇ ಮಾಡಿದೆವು. ತೆಂಗಿನ ಹಾಲಿನ ಅಂಟಕ್ಕಿಯನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದೆ. ಹುಣಸೆ ಹುಳಿಯ ಮೀನಿನ ಸಾರು ಮಾಡಿ ಮೀನಿನ ತಲೆಯನ್ನು ಅವರ ತಟ್ಟೆಗೇ ಹಾಕಿದೆ. ಟೆಸ್ ಮುಂದೆ ನಿಂತು ಕುಣಿದಳು. ನೆಸ್ತೊರ್ ಹೊಸ ಚಪ್ಪಲಿ ತಂದಿಟ್ಟ. ಮುನಿಸಾಗಿದ್ದರೆ ಮೂರು ದಿನಕ್ಕೆ ಇಳಿಯಬೇಕಿತ್ತು. ಅತ್ತೆ ಮೀನಿನ ತಲೆಯನ್ನು ಬೆಕ್ಕಿಗೆ ಹಾಕಿ, ಚಪ್ಪಲಿಯನ್ನು ಪೆಟ್ಟಿಗೆಯಲ್ಲೇ ಇಟ್ಟು, ಇನ್ನಷ್ಟು ಮುದುಡಿಕೊಂಡರು. ಆಗಲೇ ನಮಗೆ ತಿಳಿಯಬೇಕಿತ್ತು.

ಐದನೇ ಭಾನುವಾರ ಅಂಬೊ ಕೆಲಸ ಮುಗಿಸಿ ಊಟಕ್ಕೂ ನಿಲ್ಲದೆ ಹೋದ. ಬೇಕರಿಗೆ ಹಿಟ್ಟು ಬರುತ್ತದಂತೆ. ಭಾನುವಾರ ಯಾರೂ ಹಿಟ್ಟು ತರುವುದಿಲ್ಲ. ಮೇಜಿನ ಮೇಲೆ ಅವನಿಗಿಟ್ಟ ತಟ್ಟೆ ಹಾಗೇ ಇತ್ತು. ಅದನ್ನು ನೋಡಿ ನೋಡಿ ನೆಸ್ತೊರನ ಪಿತ್ತ ನೆತ್ತಿಗೇರಿತು. ಹಿತ್ತಲ ಬಾಗಿಲಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದ.

"ಅಮ್ಮಾ, ಇನ್ನೇನು ಮಾಡ್ಸ್ಬೇಕು ಅವನ ಕೈಲಿ? ಊರ ಮುಂದಿನ ಸರೋವರ ಖಾಲಿ ಮಾಡಿಸ್ತೀಯಾ?"

"ಊಟ ಮಾಡು," ಅಂದರು ಅತ್ತೆ.

"ಮಾಡಲ್ಲ! ನಾನು ಕೋರ್ಸ್ ಮುಗಿಸ್ದೆ, ಮದುವೆ ಆದೆ, ಮಗೂನೂ ಆಯ್ತು. ಅಕ್ಕನ ಸೊಂಟ ಆ ಮಿಷನ್ ಮುಂದೇನೇ ಬಗ್ಗಿಹೋಯ್ತು. ಇನ್ನೂ ಸಾಕಾಗ್ಲಿಲ್ವಾ ನಿನಗೆ? ಅವಳನ್ನ ನಿನ್ನ ಶವದ ಪೆಟ್ಟಿಗೆಗೇ ಹಾಕಿ ಹೂಳ್ಬೇಕಾ?"

"ನೆಸ್ತೊರ್!" ಅಂದಳು ಅಕ್ಕ. "ಅಮ್ಮನ ಮೇಲೆ ಕೂಗ್ಬೇಡ."

"ನೀನೂ ಅಷ್ಟೇ! ಬಾಯಿ ಇಲ್ವಾ ನಿನಗೆ? ಬೇಕು ಅಂತ ಒಂದು ಸಲ ಜೋರಾಗಿ ಹೇಳು ನೋಡೋಣ!"

ಅಕ್ಕ ತಟ್ಟೆ ನೋಡಿಕೊಂಡು ಹೇಳಿದಳು. ಜೋರಾಗೇನೂ ಅಲ್ಲ. "ಬೇಕು. ನನಗೆ ಅವನು ಬೇಕು."

ಅತ್ತೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಬೈಯುವ ಹೆಂಗಸು ಅದು. ನಾನು ಹಿಂದೆಯೇ ಹೋದೆ. ಸೌದೆ ರಾಶಿಯ ಹತ್ತಿರ ನಿಂತು, ಸರಿಯಾಗಿಯೇ ಜೋಡಿಸಿದ್ದ ಸೀಳುಗಳನ್ನು ತೆಗೆದು ತೆಗೆದು ಮತ್ತೆ ಜೋಡಿಸುತ್ತಿದ್ದರು.

"ಅಮ್ಮಾ, ಅಕ್ಕನಿಗೆ ಅವಸರ ಇಲ್ಲ ಅಂತ ನಾನು ಹೇಳಿದ್ದು ಸುಳ್ಳು," ಅಂದೆ. ಮೊದಲು ನನ್ನದು ಹೊರಗೆ ಬರಬೇಕಿತ್ತು. "ನೀವು ಕೈ ಕೊಡ್ಲಿಲ್ಲ ಅಂದ್ರೆ ಮದುವೇನೇ ಬೇಡ ಅಂದಿದ್ಲು. ಕಾಯೋ ವಯಸ್ಸು ಮುಗೀತು ಅಂದಿದ್ಲು."

ಅತ್ತೆ ಸೌದೆಯ ಮೇಲೇ ಕೂತರು. "ಯಾವ ಕೈ ಕೊಡ್ಲಿ ಮಿಲಾ? ಈ ಕೈಯಾ?"

ನನಗೆ ಅರ್ಥವಾಗಲಿಲ್ಲ.

"ಅವಳಿಗೆ ಇಪ್ಪತ್ತಾರಾಗಿದ್ದಾಗ ಕ್ರಿಸ್ಪಿನ್ ಅಂತ ಒಬ್ಬ. ಬರ್ತೀನಿ ಅಂದೋನು ಬರ್ಲಿಲ್ಲ ಅಂತಾಳಲ್ಲ ಅವಳು? ಬಂದಿದ್ದ ಕಣೇ. ಅವತ್ತು ಅವಳು ಗುಂಡಿ, ದಾರ ತರೋಕೆ ಪೇಟೆಗೆ ಹೋಗಿದ್ಲು. ಇದೇ ಅಂಗಳದಲ್ಲಿ ಬಾಗಿ, ಕೈ ಕೊಡಿ ಅಂದ. ನಾನು ಕೊಡ್ಲಿಲ್ಲ. ನೆಸ್ತೊರನ ಓದು ಮುಗಿಯೋತನಕ ಈ ಮನೇಲಿ ಕೊಡೋಕೆ ಹೆಣ್ಣಿಲ್ಲ, ಬೇಕಿದ್ರೆ ಒಂದು ವರ್ಷ ಸೌದೆ ಒಡಿ, ಆಮೇಲೆ ನೋಡೋಣ ಅಂದೆ. ಹೋದೋನು ಮತ್ತೆ ಬರ್ಲಿಲ್ಲ. ಅವಳು ಬಂದು ಕೇಳಿದ್ಲು, ಯಾರಾದ್ರೂ ಬಂದಿದ್ರಾ ಅಮ್ಮಾ ಅಂತ. ಯಾರೂ ಇಲ್ಲ ಅಂದೆ. ಹದಿನೈದು ವರ್ಷ ಆಯ್ತು. ತನ್ನಲ್ಲೇ ಏನೋ ಕೊರತೆ ಇತ್ತು ಅಂದ್ಕೊಂಡೇ ಬದುಕಿದಾಳೆ ನನ್ನ ಮಗಳು."

"ಮತ್ತೆ ಅಂಬೊಗೂ ಯಾಕೆ ಸೌದೆ?"

"ಇವನೂ ಓಡಿಹೋದ್ರೆ ಗಂಡಸರ ಜಾತಿಯೇ ಹೀಗೆ, ತಪ್ಪು ನನ್ನದಲ್ಲ ಅಂದ್ಕೋಬಹುದಿತ್ತು. ಬರದೇ ಇರ್ಲಿ ಅಂತಾನೂ ಬೇಡ್ಕೊಂಡೆ, ಬರ್ಲಿ ಅಂತಾನೂ ಬೇಡ್ಕೊಂಡೆ. ಪ್ರತಿ ವಾರ ಬಂದ. ಅವನು ಹಾಗೆ ಬಾಗಿದಾಗಲೆಲ್ಲ ಈ ಕೈ ಮುಂದೆ ಬರಲ್ಲ ಮಿಲಾ. ನಾಚಿಕೆ ಆಗುತ್ತೆ."

ಮುನಿಸು ಅಂತ ನಾವು ಮೀನು ಬೇಯಿಸಿದ್ದೆವು, ಚಪ್ಪಲಿ ತಂದಿದ್ದೆವು. ನಮ್ಮ ಜನಕ್ಕೆ ಮುನಿಸೂ ಒಂದೇ, ನಾಚಿಕೆಯೂ ಒಂದೇ, ಎರಡಕ್ಕೂ ಬಾಯಿ ಮುಚ್ಚಿಕೊಳ್ಳುವುದೇ. ಮುನಿದವರನ್ನು ರಮಿಸಬೇಕು. ನಾಚಿದವರನ್ನು ರಮಿಸಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಅವರ ಬೆನ್ನು ನೋಡಿ ಅಳುವೂ ಬಂತು.

"ನೀವೇ ಹೇಳಿ ಅಕ್ಕನಿಗೆ."

"ನನ್ನ ಬಾಯಲ್ಲಿ ಬರಲ್ಲ. ನೀನು ಹೇಳು. ಈ ಸಲ ಏನೂ ಮೆತ್ತಗೆ ಮಾಡ್ಬೇಡ."

ಹನ್ನೊಂದು ಹೆಜ್ಜೆ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದಕ್ಷರ ಬಿಡದೆ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ನೆಸ್ತೊರ್ ತನ್ನ ಓದಿನ ಮಾತು ಬಂದಾಗ ತಲೆ ತಗ್ಗಿಸಿ ಅಂಗಳಕ್ಕೆ ಹೋದ. ಅಕ್ಕ ಕೇಳಿಸಿಕೊಂಡಳು. ಮಿಷನ್ನಿನಿಂದ ಬಟ್ಟೆ ತೆಗೆದು ಮಡಚಿದಳು. ಮಿಷನ್ನಿಗೆ ಮುಸುಕು ಹಾಕಿದಳು.

ಸೋಮವಾರ ಮಿಷನ್ ಸದ್ದು ಮಾಡಲಿಲ್ಲ. ಮಂಗಳವಾರವೂ ಇಲ್ಲ. ಆ ಸದ್ದು ಇಲ್ಲದೆ ನಮ್ಮ ಮನೆ ಬೇರೆಯವರ ಮನೆಯಂತಿತ್ತು. ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡಿದಳು, ಅಮ್ಮನ ಕಾಫಿ ಮಾತ್ರ ತಾನೇ ಮಾಡಿ, ಮಾತಾಡದೆ, ಮುಂದಿಟ್ಟು ಹೋದಳು. ಅತ್ತೆ ಅದನ್ನು ಕುಡಿಯಲೂ ಆಗದೆ ಬಿಡಲೂ ಆಗದೆ ಬಟ್ಟಲು ಹಿಡಿದು ಕೂರುತ್ತಿದ್ದರು. ಯಾರೂ ನನ್ನನ್ನು ಏನೂ ಹೇಳಲು ಕಳಿಸಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಮೊಟ್ಟೆ ಕರಿಯುತ್ತಿದ್ದೆ. ಅಕ್ಕ ಅಡುಗೆಮನೆಗೆ ಬಂದಳು. ನೇರವಾಗಿ ಅಮ್ಮನ ಎದುರು ಕುರ್ಚಿ ಎಳೆದು ಕೂತಳು.

"ಒಂದು ಕೇಳ್ತೀನಿ. ಆ ಕ್ರಿಸ್ಪಿನ್ ಒಂದಾದ್ರೂ ಸೌದೆ ಒಡೆದನಾ?"

"ಇಲ್ಲ," ಅಂದರು ಅತ್ತೆ.

"ಕೊಡಲಿ ಎತ್ತಿದನಾ?"

"ಮುಟ್ಲಿಲ್ಲ. ಬಿಸಿಲು ಜಾಸ್ತಿ ಅಂದ."

"ಬಿಸಿಲು ಜಾಸ್ತಿ ಅಂದನಾ?"

"ಹ್ಞೂಂ. ಕರ್ಚೀಫ್ ತಲೆ ಮೇಲೆ ಹಾಕ್ಕೊಂಡು ಹೋದ."

ಅಕ್ಕ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡು ನಾನು ಸೌಟು ಹಿಡಿದೇ ಓಡಿದೆ. ನೋಡಿದರೆ ನಗುತ್ತಿದ್ದಳು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು.

"ಹದಿನೈದು ವರ್ಷ! ಬಿಸಿಲಿಗೆ ಹೆದರೋನಿಗೋಸ್ಕರ ಹದಿನೈದು ವರ್ಷ ನನ್ನ ಮೂಗು ಸರಿಯಿಲ್ಲ, ಬಣ್ಣ ಸರಿಯಿಲ್ಲ ಅಂದ್ಕೊಂಡು ಕನ್ನಡಿ ನೋಡಿದೀನಲ್ಲಮ್ಮಾ!" ಆಮೇಲೆ ನಗು ನಿಂತಿತು. "ನೀನು ಮಾಡಿದ್ದು ತಪ್ಪು. ದೊಡ್ಡ ತಪ್ಪು. ನನಗೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು," ಅಂದರು ಅತ್ತೆ. "ಕ್ಷಮಿಸು ಮಗಳೇ." ಆ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಕ್ಷಮಿಸೋದು ನಿಧಾನಕ್ಕೆ ಆಗುತ್ತೆ, ಬಿಡು. ಆದ್ರೆ ಒಂದು. ಒಂದು ಮಾತಿಗೆ ಓಡಿಹೋದೋನು ಅವನು. ಐದು ವಾರ ಕೈ ಕೊಡದೇ ಇದ್ರೂ ಹುಣಸೆ ತುಂಡು ಸೀಳಿದೋನು ಇವನು. ಅಷ್ಟರ ಮಟ್ಟಿಗೆ ನಿನ್ನ ಸೌದೆ ಒಳ್ಳೇದೇ ಮಾಡ್ತು. ಶನಿವಾರ ಅವರ ದೊಡ್ಡಮ್ಮನ್ನ ಕರ್ಕೊಂಡು ಬಾ ಅಂತ ಹೇಳಿಕಳಿಸ್ಲಾ?"

ಅತ್ತೆ ನನ್ನ ಕಡೆ ನೋಡಿದರು, ಹಳೆ ಅಭ್ಯಾಸ. ನಾನು ಇಲ್ಲವೆಂದು ತಲೆಯಾಡಿಸಿದೆ. "ನಾನು ಯಾರಿಗೂ ಏನೂ ಹೇಳಲ್ಲ. ಎದುರಿಗೇ ಇದಾಳೆ, ನೀವೇ ಹೇಳಿ."

"ಹೇಳಿಕಳಿಸು," ಅಂದರು ಅತ್ತೆ ಮಗಳಿಗೆ. "ಮಿಷನ್ನೂ ತಗೊಂಡು ಹೋಗು. ಏಪ್ರನ್ ಹೊಲಿಯೋದಿರುತ್ತೆ."

ನನ್ನ ಮೊಟ್ಟೆ ಹೊತ್ತಿ ಕಪ್ಪಾಗಿತ್ತು. ಅದನ್ನೇ ಎಲ್ಲರೂ ತಿಂದೆವು. ಅತ್ತೆ ನಮ್ಮ ಜೊತೆ ಮೇಜಿಗೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡರು. ಆಮೇಲೆ ಅವರ ಮಂಡಿಗೆ ತೈಲ ತಿಕ್ಕಿದ್ದು ನಾನು. "ಅಕ್ಕನ ಕೈಯಷ್ಟು ಮೆದು ಇಲ್ಲ ನಿಂದು," ಅಂದರು. "ಅಭ್ಯಾಸ ಮಾಡ್ಕೊಳ್ಳಿ," ಅಂದೆ. ನಾನು ಹೆದರಿದಷ್ಟು ಭಾರ ಏನೂ ಅನ್ನಿಸಲಿಲ್ಲ.

ಶನಿವಾರ ಬೆಳಗಿನಿಂದ ಮನೆ ಸಂತೆಯಾಗಿತ್ತು. ಅಡುಗೆ ತರುವುದು ಗಂಡಿನ ಕಡೆಯವರ ಕೆಲಸ, ಆದರೂ ನಮ್ಮ ಮನೆಯಲ್ಲಿ ಒಲೆ ಹಚ್ಚದೆ ಇದ್ದರೆ ಮರ್ಯಾದೆಯೇ? ಗ್ಯಾಸ್ ಸಾಲದೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಅಂಬೊ ಸೀಳಿದ ಸೌದೆಯನ್ನೇ ಉರಿಸಿದೆವು. ನಾವು ಬೇಡ ಬೇಡ ಅಂದರೂ ಕೇಳದೆ ಅತ್ತೆ, ಸರೋವರದಿಂದ ಬಂದ ತಿಲಾಪಿಯಾ ಮೀನುಗಳನ್ನು ತಾವೇ ಉಜ್ಜಲು ಕೂತರು.

ಗಂಡಿನ ಕಡೆಯವರು ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದುಬಿಟ್ಟರು. ಮುಂದೆ ಅಂಬೊ, ಹಿಂದೆ ಅವನ ದೊಡ್ಡಮ್ಮ, ಶ್ಯಾವಿಗೆಯ ದೊಡ್ಡ ತಟ್ಟೆ ಹೊತ್ತ ಇಬ್ಬರು. ಅಂಬೊ ಅಭ್ಯಾಸಬಲದಿಂದ ಸೀದಾ ಹಿತ್ತಲಿಗೇ ನಡೆದ, ಕೊಡಲಿ ಇರುವ ಕಡೆಗೆ. ಅಲ್ಲಿ ಅತ್ತೆ ಮಣೆಯ ಮೇಲೆ ಕೂತಿದ್ದರು. ಮೊಣಕೈವರೆಗೂ ಮೀನಿನ ರಕ್ತ, ಲೋಳೆ, ಪೊರೆ.

ಅಂಬೊ ಬಾಗಿದ. "ಕೈ ಕೊಡಿ ಅಮ್ಮಾ" ಅನ್ನುವಾಗ ಅವನ ದನಿಯಲ್ಲಿ ಭರವಸೆ ಅಷ್ಟಕ್ಕಷ್ಟೇ ಇತ್ತು.

ಅಕ್ಕ ಬಾಗಿಲಲ್ಲಿ ನಿಂತುಬಿಟ್ಟಳು. ಮೂರು ವಾರ ಸುಳ್ಳು ನೆವ ಹೇಳಿದ ಹೆಂಗಸಿಗೆ ಅವತ್ತು ನಿಜವಾದ ನೆವ ಸಿಕ್ಕಿತ್ತು.

ಅತ್ತೆ ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಒರೆಸಿಕೊಳ್ಳಲಿಲ್ಲ. ಹಾಗೇ ಮುಂದೆ ಚಾಚಿದರು.

ಅಂಬೊ ಎರಡೂ ಕೈಯಲ್ಲಿ ಅದನ್ನು ಹಿಡಿದು ಹಣೆಗೆ ಒತ್ತಿಕೊಂಡ. ಸಾಕಷ್ಟು ಹೊತ್ತು ಬಿಡಲಿಲ್ಲ. "ದೇವರು ಒಳ್ಳೇದು ಮಾಡ್ಲಿ," ಅಂದರು ಅತ್ತೆ, "ಏಳಪ್ಪಾ, ಸೊಂಟ ಹಿಡ್ಕೊಂಡೀತು."

ಆಮೇಲೆ ಎಲ್ಲರೂ ಊಟಕ್ಕೆ ಕೂತೆವು. ದೊಡ್ಡಮ್ಮ ಕೇಳಬೇಕಾದ್ದನ್ನು ಕೇಳಿದರು, ಅತ್ತೆ ಹೇಳಬೇಕಾದ್ದನ್ನು ಹೇಳಿದರು. ಮರುದಿನವೇ ಪಾದ್ರಿಗಳಿಗೆ ಹೆಸರು ಕೊಡುವುದೆಂದಾಯಿತು. ಅಷ್ಟು ಹೊತ್ತೂ ಅಂಬೊನ ಹಣೆಯ ನಡುವೆ ಉಗುರಿನಷ್ಟು ದೊಡ್ಡ ಮೀನಿನ ಪೊರೆಯೊಂದು ಅಂಟಿಕೊಂಡು ಮಿಣಮಿಣ ಹೊಳೆಯುತ್ತಿತ್ತು. ಟೆಸ್ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿದ್ದ ಅಕ್ಕ ಅವಳ ಬಾಯಿಗೆ ಬನ್ನು ತುರುಕಿದಳು.